ಬೊಕ್ಕಸದ ಕೀಲಿ ಯಾರ ಸೊಂಟದಲ್ಲಿ?

1782ರ ಏಪ್ರಿಲ್ 8ರಂದು ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಎರಡು ಹಡಗುಗಳು ಎದುರಾದವು. ಒಂದು ಬ್ರಿಟಿಷ್ ನೌಕಾಪಡೆಯ ‘ಜನರಲ್ ಮಾಂಕ್’. ಇನ್ನೊಂದು, ಪೆನ್ಸಿಲ್ವೇನಿಯಾದವರು ತೋಪು ಹೇರಿ ಯುದ್ಧಕ್ಕೆ ಅಣಿಗೊಳಿಸಿದ್ದ ವ್ಯಾಪಾರಿ ಹಡಗು. ಅದರ ನಾಯಕ ಜೋಶುವಾ ಬಾರ್ನಿಗೆ ಇನ್ನೂ ಇಪ್ಪತ್ತೆರಡು ವರ್ಷ. ತನ್ನದಕ್ಕಿಂತ ಹೆಚ್ಚು ತೋಪುಗಳಿದ್ದ ಬ್ರಿಟಿಷ್ ಹಡಗನ್ನು ಅವನು ಸ್ವಲ್ಪ ಹೊತ್ತಿನಲ್ಲೇ ಸೆರೆಹಿಡಿದ. ಗೆದ್ದ ಹಡಗಿನ ಹೆಸರು ‘ಹೈದರ್ ಅಲಿ’.

ನಮ್ಮ ಹೈದರಾಲಿಯೇ. ಆ ಹೊತ್ತಿಗೆ ಅವನು ತಮಿಳು ನಾಡಿನ ಬಯಲಿನಲ್ಲಿ ಇಂಗ್ಲಿಷರೊಡನೆ ಕಾದಾಡುತ್ತಿದ್ದ. ಶತ್ರುವಿನ ಶತ್ರು ಎಂಬ ಲೆಕ್ಕದಲ್ಲಿ ಅಮೆರಿಕದವರು ಅವನ ಹೆಸರನ್ನು ಹಡಗಿಗಿಟ್ಟುಕೊಂಡರು. ಅದೇ ಹೈದರ್, ಅಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಿಯಾಗಿ ಕೊಟ್ಟ ಒಂದು ಸಣ್ಣ ಊರು ದಾವಣಗೆರೆ. ಆಗ ಹೆಸರಿದ್ದದ್ದು ಆನೆಕೊಂಡಕ್ಕೆ. ಚಾಲುಕ್ಯ, ಹೊಯ್ಸಳರ ಕಾಲದ ಕೆತ್ತನೆಯ ಗುಡಿ ಇದ್ದ ಹಳೆಯ ಊರು ಅದು. ದಾವಣಗೆರೆ ಅದರ ಮಜರೆಯಂತಿತ್ತು. ಅಪೋಜಿರಾಮ್ ವರ್ತಕರನ್ನು ಕರೆದು ನೆಲೆ ಕೊಟ್ಟ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ಮೂಡಣಕ್ಕೆ ಹೋದವು, ಕಂಬಳಿ ನೇಯ್ಗೆ ಕುದುರಿತು. ಮಜರೆ ಪೇಟೆಯಾಗಿ ಬೆಳೆದು, ಆನೆಕೊಂಡ ಅದರ ಒಂದು ಬಡಾವಣೆಯಾಯಿತು.

ಹಡಗಿಗೂ ದಾವಣಗೆರೆಗೂ ಇರುವ ಈ ನಂಟು ಕಾಕತಾಳೀಯ ಇರಬಹುದು. ಆದರೆ ಅಮೆರಿಕದ ಸರ್ಕಾರ ಮತ್ತು ನಮ್ಮ ಹಳೆಯ ಮೈಸೂರಿನ ಪ್ರಜಾಪ್ರತಿನಿಧಿ ಸಭೆ, ಎರಡೂ ಬೇರು ಬಿಟ್ಟದ್ದು ಇಂಗ್ಲೆಂಡಿನ ಒಂದೇ ನೆಲದಲ್ಲಿ. ಒಂದು ಗಿಡಕ್ಕೆ ಬೊಕ್ಕಸದ ಕೀಲಿ ಸಿಕ್ಕಿತು, ಇನ್ನೊಂದಕ್ಕೆ ಅಹವಾಲಿನ ಅರ್ಜಿ ಮಾತ್ರ. ಈ ವ್ಯತ್ಯಾಸ ಇವತ್ತಿನ ನಮ್ಮ ಪಾಲಿಕೆಯವರೆಗೂ ಎಳೆದುಕೊಂಡು ಬಂದಿದೆ.

ಎರಡು ಕಂಪನಿ, ಎರಡು ದಾರಿ

1600ರ ಕೊನೆಯ ದಿನ ರಾಣಿ ಎಲಿಜಬೆತ್ ಲಂಡನ್ನಿನ ವರ್ತಕರ ಗುಂಪೊಂದಕ್ಕೆ ಸನ್ನದು ಕೊಟ್ಟಳು. ಅದು ಈಸ್ಟ್ ಇಂಡಿಯಾ ಕಂಪನಿ. 1606ರಲ್ಲಿ ದೊರೆ ಜೇಮ್ಸ್ ಇನ್ನೊಂದು ಗುಂಪಿಗೆ ಸನ್ನದು ಕೊಟ್ಟ. ಅದು ವರ್ಜೀನಿಯಾ ಕಂಪನಿ. ಒಂದು ಪೂರ್ವಕ್ಕೆ ಹೊರಟಿತು, ಇನ್ನೊಂದು ಪಶ್ಚಿಮಕ್ಕೆ. ಎರಡರ ಉದ್ದೇಶವೂ ಲಾಭವೇ. ಆದರೆ ವರ್ಜೀನಿಯಾದ ಸನ್ನದಿನಲ್ಲಿ ಒಂದು ಮಾತಿತ್ತು: ಅಲ್ಲಿ ನೆಲೆಸುವ ಇಂಗ್ಲಿಷರಿಗೂ ಅವರ ಮಕ್ಕಳಿಗೂ ಇಂಗ್ಲೆಂಡಿನಲ್ಲೇ ಹುಟ್ಟಿದವರಿಗಿರುವ ಎಲ್ಲ ಹಕ್ಕುಗಳೂ ಇರತಕ್ಕದ್ದು. ಪೂರ್ವಕ್ಕೆ ಬಂದ ಕಂಪನಿ ಆಳಿದ ಜನರಿಗೆ ಅಂಥ ಮಾತನ್ನು ಯಾರೂ ಬರೆದುಕೊಡಲಿಲ್ಲ.

1619ರ ಜುಲೈ 30ರಂದು ಜೇಮ್ಸ್‌ಟೌನಿನ ಚರ್ಚಿನಲ್ಲಿ ವರ್ಜೀನಿಯಾದ ಮೊದಲ ಜನಪ್ರತಿನಿಧಿ ಸಭೆ ಸೇರಿತು. ಹನ್ನೊಂದು ವಸತಿಗಳಿಂದ ಇಬ್ಬಿಬ್ಬರಂತೆ 22 ಜನ. ಸಭಾಧ್ಯಕ್ಷ ಜಾನ್ ಪೋರಿ ಹಿಂದೆ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಕೂತೆದ್ದು ಬಂದವನು. ಅಲ್ಲಿನ ಕಲಾಪದ ಪದ್ಧತಿಯನ್ನೇ ಇಲ್ಲಿಗೂ ತಂದ. ಸುಡುಬೇಸಿಗೆ. ಹಲವರು ಕಾಯಿಲೆ ಬಿದ್ದರು, ಸಭೆ ನಡೆಯುತ್ತಿರುವಾಗಲೇ ಸದಸ್ಯನೊಬ್ಬ ತೀರಿಕೊಂಡ. ಆರು ದಿನಕ್ಕೆ ಸಭೆ ಬರಖಾಸ್ತಾಯಿತು. ಹೊರಡುವ ಮುನ್ನ ಅವರು ಮಾಡಿದ ಒಂದು ಕೆಲಸ ಗಮನಾರ್ಹ. ಸಭಾಧ್ಯಕ್ಷ ಮತ್ತು ಗುಮಾಸ್ತರ ಶ್ರಮಕ್ಕೆ ಸಂಭಾವನೆ ಕೊಡಬೇಕಲ್ಲ? ಹದಿನಾರು ದಾಟಿದ ಪ್ರತಿ ಗಂಡಸಿನ ತಲೆಗೆ ಒಂದು ಪೌಂಡ್ ಒಳ್ಳೆಯ ಹೊಗೆಸೊಪ್ಪಿನ ತೆರಿಗೆ ಹಾಕಿದರು. ಸಭೆ ಹುಟ್ಟಿದ ವಾರದಲ್ಲೇ ತನ್ನ ಖರ್ಚಿನ ದುಡ್ಡನ್ನು ತಾನೇ ಎತ್ತಿತು.

ಅದೇ ವರ್ಷ ಆಫ್ರಿಕಾದಿಂದ ಸೆರೆಹಿಡಿದು ತಂದವರನ್ನು ಇಳಿಸಿದ ಹಡಗೂ ವರ್ಜೀನಿಯಾ ತೀರಕ್ಕೆ ಬಂತು ಎಂಬುದನ್ನು ಮರೆಯಬಾರದು. ಮಾತಾಡುವ ಸಭೆಯೂ ಬಾಯಿ ಕಟ್ಟಿದ ದುಡಿಮೆಯೂ ಅಲ್ಲಿಗೆ ಒಂದೇ ವರ್ಷ ಕಾಲಿಟ್ಟವು.

ಉತ್ತರದ ಮ್ಯಾಸಚೂಸೆಟ್ಸ್‌ನಲ್ಲಿ ಇನ್ನೊಂದು ಪ್ರಸಂಗ. 1632ರಲ್ಲಿ ನ್ಯೂಟೌನ್ ಎಂಬ ಊರಿಗೆ ಬೇಲಿಕೋಟೆ ಕಟ್ಟಲು ಗವರ್ನರ್ ಮತ್ತವನ ಸಹಾಯಕರು ಸುತ್ತಲಿನ ಊರುಗಳ ಮೇಲೆ ತೆರಿಗೆ ಹಾಕಿದರು. ವಾಟರ್‌ಟೌನ್ ಎಂಬ ಹಳ್ಳಿಯವರು ತಮ್ಮ ಪಾದ್ರಿಯ ಮುಂದಾಳ್ತನದಲ್ಲಿ ತಕರಾರು ಎತ್ತಿದರು: ನಮ್ಮನ್ನು ಕೇಳದೆ ನಮ್ಮ ಮೇಲೆ ತೆರಿಗೆ ಹೇಗೆ ಹಾಕಿದಿರಿ? ಅವರನ್ನು ಕರೆಸಿ ಗದರಿದ್ದೂ ಆಯಿತು, ಅವರು ತಪ್ಪೊಪ್ಪಿದ್ದೂ ಆಯಿತು. ಆದರೆ ಕೆಲವೇ ತಿಂಗಳಲ್ಲಿ, ತೆರಿಗೆ ವಿಚಾರಕ್ಕೆ ಸಲಹೆ ಕೊಡಲು ಪ್ರತಿ ಊರಿನಿಂದ ಇಬ್ಬರು ಬರಲಿ ಎಂದು ತೀರ್ಮಾನವಾಯಿತು. 1634ರ ಹೊತ್ತಿಗೆ ಅದು ಚುನಾಯಿತ ಪ್ರತಿನಿಧಿಗಳ ಸಭೆಯಾಗಿ ನಿಂತಿತು.

ಇದು ಅವರ ಸ್ವಂತ ಕಲ್ಪನೆಯಲ್ಲ, ತಾಯ್ನಾಡಿನಿಂದ ಗಂಟುಕಟ್ಟಿ ತಂದದ್ದು. 1215ರಲ್ಲಿ ದೊರೆ ಜಾನ್ ಮುದ್ರೆಯೊತ್ತಿದ ಮ್ಯಾಗ್ನಾ ಕಾರ್ಟಾದಲ್ಲೇ, ರಾಜ್ಯದ ಹಿರಿಯರ ಒಪ್ಪಿಗೆಯಿಲ್ಲದೆ ಕೆಲವು ತೆರಿಗೆ ಎತ್ತಕೂಡದು ಎಂಬ ಕಟ್ಟಳೆ ಇತ್ತು. ಮುಂದೆ ನಾಲ್ಕು ಶತಮಾನ ಇಂಗ್ಲೆಂಡಿನ ಪಾರ್ಲಿಮೆಂಟು ಕೊಡು-ಕೊಳ್ಳುವಿಕೆಯಲ್ಲೇ ಬೆಳೆಯಿತು. ದೊರೆಗೆ ಯುದ್ಧಕ್ಕೆ ದುಡ್ಡು ಬೇಕು, ಸಭೆಗೆ ದೂರುಗಳ ಪರಿಹಾರ ಬೇಕು. ಮೊದಲು ನಮ್ಮ ಅಹವಾಲು, ಆಮೇಲೆ ನಿಮ್ಮ ಹಣ. 1629ರಿಂದ ಹನ್ನೊಂದು ವರ್ಷ ಒಂದನೇ ಚಾರ್ಲ್ಸ್ ಪಾರ್ಲಿಮೆಂಟನ್ನು ಕರೆಯದೆಯೇ ಆಳಿದ. ಆದರೆ ಸ್ಕಾಟ್ಲೆಂಡಿನ ಮೇಲಿನ ಯುದ್ಧಕ್ಕೆ ಬೊಕ್ಕಸ ಬರಿದಾದಾಗ 1640ರಲ್ಲಿ ಕರೆಯಲೇಬೇಕಾಯಿತು. ಕರೆದ ಮೇಲೆ ಆದದ್ದು ಗೊತ್ತೇ ಇದೆ: 1649ರಲ್ಲಿ ಅವನ ತಲೆ ಉರುಳಿತು.

ಬಸವಾಪಟ್ಟಣದ ಕೂಟ

ಈಗ ನಮ್ಮ ಕಡೆಗೆ ಬರೋಣ. ಊರಿನ ಆಡಳಿತವನ್ನು ಕೂತು ಮಾತಾಡಿ ನಡೆಸುವುದನ್ನು ನಮಗೆ ಇಂಗ್ಲಿಷರೇ ಕಲಿಸಿದರೆನ್ನುವುದು ಸುಳ್ಳು. ಶಾಸನಗಳನ್ನು ಓದಿದವರಿಗೆ ಅಗ್ರಹಾರದ ಮಹಾಜನರೂ ಊರ ಗೌಡರೂ ಗೊತ್ತು. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಹರಿಹರೇಶ್ವರನ ಗುಡಿ ಕಟ್ಟಿಸಿದ ಕಾಲದ ಹರಿಹರವೂ ಅಂಥ ವ್ಯವಸ್ಥೆಯ ನಾಡಿನದೇ. ಆದರೆ ಆ ಕಟ್ಟೆಯ ಮೇಲೆ ಯಾರಿಗೆ ಜಾಗ, ಯಾರಿಗಿಲ್ಲ ಎಂಬುದನ್ನು ಜಾತಿ ಮತ್ತು ಜಮೀನು ಮೊದಲೇ ತೀರ್ಮಾನಿಸಿರುತ್ತಿದ್ದವು. ದೊರೆಯ ತೆರಿಗೆಯನ್ನು ಬೇಡ ಎನ್ನುವ ಅಧಿಕಾರವೂ ಅದಕ್ಕಿರಲಿಲ್ಲ.

ಬೇಡ ಎನ್ನಬೇಕಾದಾಗ ರೈತರು ಬೀದಿಗೇ ಇಳಿಯಬೇಕಾಗುತ್ತಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಂದಾಯ ವಸೂಲಿಗೆ ಷರತ್ತಿನ ಪದ್ಧತಿ ಬಂತು. ಇಷ್ಟು ಮೊತ್ತ ಎತ್ತಿಕೊಡುತ್ತೇನೆ ಎಂದು ಅಧಿಕಾರಿ ಬರೆದುಕೊಡಬೇಕು. ಹೇಗೆ ಎತ್ತುತ್ತಾನೆ ಎಂದು ಕೇಳುವವರಿಲ್ಲ. 1830ರಲ್ಲಿ ನಗರ ಎಂಬ ಸೀಮೆಯ ರೈತರು ಕೂಟ ಕಟ್ಟಿದರು. ಅವರು ಸೇರಿದ ಜಾಗಗಳಲ್ಲಿ ಒಂದು ಬಸವಾಪಟ್ಟಣ. ಇವತ್ತು ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿದೆ. ಊರಿಂದೂರಿಗೆ ಓಲೆ ಹೋಯಿತು, ಕಂದಾಯ ನಿಂತಿತು, ದಂಗೆ ಹಬ್ಬಿತು. ಸೈನ್ಯ ಬಂದು ದಂಗೆಯನ್ನು ಅಡಗಿಸಿತು. ಅದನ್ನೇ ನೆಪಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮಹಾರಾಜರಿಂದ ರಾಜ್ಯದ ಆಡಳಿತವನ್ನೇ ಕಿತ್ತುಕೊಂಡರು. ಕಂದಾಯದ ಜಗಳ ವಾಟರ್‌ಟೌನಿನಲ್ಲಿ ಎರಡೇ ವರ್ಷದಲ್ಲಿ ಸಭೆಯೊಂದನ್ನು ತಂದಿತು. ಇಲ್ಲಿ ತಂದದ್ದು ಕಮಿಷನರ ಐವತ್ತು ವರ್ಷದ ಆಳ್ವಿಕೆಯನ್ನು.

ಆ ಕಮಿಷನರ ಕಾಲದಲ್ಲೇ, 1870ರಲ್ಲಿ, ದಾವಣಗೆರೆಗೆ ಮುನಿಸಿಪಾಲಿಟಿ ಬಂತು. ಅದಕ್ಕೆ ಎರಡು ವರ್ಷ ಮೊದಲು ಹರಿಹರದಲ್ಲಿ ತುಂಗಭದ್ರೆಗೆ ಕಲ್ಲು-ಇಟ್ಟಿಗೆಯ ಕಮಾನು ಸೇತುವೆ ಮುಗಿದು ಬೆಂಗಳೂರು-ಧಾರವಾಡ ರಸ್ತೆ ಕೂಡಿಕೊಂಡಿತ್ತು. ರಸ್ತೆ, ಚರಂಡಿ, ದೀಪ, ಸಂತೆಯ ಸುಂಕ: ಪೇಟೆಯವರ ಆಡಳಿತಪಾಠ ಅಲ್ಲಿಂದ ಶುರು.

ದಸರೆಗೆ ಬಂದ ಅರ್ಜಿಗಳು

1881ರ ಮಾರ್ಚ್ 25ರಂದು ಮೈಸೂರು ಮತ್ತೆ ಒಡೆಯರ ಕೈಸೇರಿತು. ಅದೇ ಆಗಸ್ಟ್ 25ರಂದು ಹತ್ತನೇ ಚಾಮರಾಜ ಒಡೆಯರ ಹೆಸರಿನಲ್ಲಿ ಆದೇಶ ಹೊರಟಿತು. ದಿವಾನ್ ಸಿ. ರಂಗಾಚಾರ್ಲು ಅವರ ಯೋಜನೆ ಅದು. ಪ್ರತಿ ತಾಲ್ಲೂಕಿನಿಂದ ತಿಳಿವಳಿಕೆಯೂ ವರ್ಚಸ್ಸೂ ಇರುವ ಒಬ್ಬಿಬ್ಬರು ರೈತರು, ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಮಂದಿ ಮುಖ್ಯ ವರ್ತಕರು ದಸರೆಗೆ ಮೈಸೂರಿಗೆ ಬರಬೇಕು. ಸರ್ಕಾರದ ವರ್ಷದ ಲೆಕ್ಕವನ್ನು ಕೇಳಬೇಕು. ತಮ್ಮ ಕಡೆಯ ಕುಂದುಕೊರತೆಗಳನ್ನು ಹೇಳಬೇಕು. ಅಕ್ಟೋಬರ್ 7ರಂದು 144 ಸದಸ್ಯರ ಮೊದಲ ಪ್ರಜಾಪ್ರತಿನಿಧಿ ಸಭೆ ಸೇರಿತು. ದೇಶೀ ಸಂಸ್ಥಾನಗಳಲ್ಲಿ ಇಂಥದ್ದು ಅದೇ ಮೊದಲು. ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಹುಟ್ಟಲು ಇನ್ನೂ ನಾಲ್ಕು ವರ್ಷವಿತ್ತು.

ದಾವಣಗೆರೆ ಆಗ ಸೇರಿದ್ದ ಚಿತ್ರದುರ್ಗ ಜಿಲ್ಲೆಯಿಂದ ಹೊರಟವರಿಗೆ ಆ ಪ್ರಯಾಣವೇ ಒಂದು ಯಾತ್ರೆ. ರೈಲು ಹರಿಹರ ಮುಟ್ಟಿದ್ದು 1889ರಲ್ಲಿ. ಅದಕ್ಕೆ ಮುಂಚೆ ಗಾಡಿದಾರಿಯೇ ಗತಿ. ಅಷ್ಟು ದೂರ ಹೋಗಿ ಅವರು ಕೂತ ಸಭೆಗೆ ಮತ ಹಾಕುವ ಅಧಿಕಾರವಿರಲಿಲ್ಲ. ಕೆರೆ ಒಡೆದಿದೆ, ರಸ್ತೆ ಬೇಕು, ಕಂದಾಯದ ಕಂತು ಕೊಯ್ಲಿಗೆ ಮುಂಚೆ ಬೀಳುತ್ತದೆ ಎಂದು ಹೇಳಬಹುದು. ದಿವಾನರು ಕೇಳಿಸಿಕೊಳ್ಳುತ್ತಾರೆ, ಪರಿಶೀಲಿಸುತ್ತೇವೆ ಎನ್ನುತ್ತಾರೆ; ಕೆಲವೊಮ್ಮೆ ನಿಜಕ್ಕೂ ಪರಿಶೀಲಿಸುತ್ತಾರೆ. ಈ ಸಭೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಸರ್ಕಾರವೊಂದು ತನ್ನ ಆದಾಯ-ವೆಚ್ಚವನ್ನು ರೈತರ ಮುಂದೆ ನಿಂತು ಓದಿ ಹೇಳುವುದು ನಮ್ಮ ನಾಡಿನಲ್ಲಿ ಹೊಸ ಸಂಗತಿ. ಆದರೆ ಇಂಗ್ಲೆಂಡಿನ ಆಸ್ತಿಯಲ್ಲಿ ಅಮೆರಿಕಕ್ಕೆ ತೆರಿಗೆಯ ಒಪ್ಪಿಗೆ ಪಾಲಾಗಿ ಬಂದರೆ, ಮೈಸೂರಿಗೆ ಬಂದದ್ದು ಅಹವಾಲಿನ ಹಕ್ಕು.

ಬೊಕ್ಕಸದ ಕೀಲಿ ಪೂರ್ತಿಯಾಗಿ ದಿವಾನರ ಕೈಯಲ್ಲೂ ಇರಲಿಲ್ಲ. 1799ರ ಒಪ್ಪಂದದ ಪ್ರಕಾರ ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ ಕೊಡಬೇಕಿತ್ತು. 1881ರ ಹಸ್ತಾಂತರದ ಷರತ್ತಿನಂತೆ ಅದು 35 ಲಕ್ಷಕ್ಕೆ ಏರಿತು. ಕ್ಷಾಮದಿಂದ ಬಸವಳಿದ ರಾಜ್ಯವೆಂದು ಏರಿಕೆಯನ್ನು 1896ರವರೆಗೆ ಮುಂದೂಡಿದರು, ಅಷ್ಟೆ. ಬೋಸ್ಟನ್ನಿನ ಜನ ಚಹಾದ ಮೇಲಿನ ಸುಂಕಕ್ಕೇ ಸಿಡಿದೆದ್ದು 1773ರ ಡಿಸೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದವರು. ಅದೇ ಕಂಪನಿ ಗೊತ್ತುಮಾಡಿದ ಪೊಗದಿಯನ್ನು ಕೂಡಿಸಲು ಮೈಸೂರಿನ ರೈತ ತಲೆಮಾರುಗಟ್ಟಲೆ ಕಂದಾಯ ಕಟ್ಟಿದ. ಯಾರ್ಕ್‌ಟೌನಿನಲ್ಲಿ 1781ರಲ್ಲಿ ಅಮೆರಿಕದವರಿಗೆ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಲ್ಲಿ ನಿಂತು ಟಿಪ್ಪುವಿನ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕೇಳಿದವನು. ಅಲ್ಲಿ ಕಳೆದುಕೊಂಡದ್ದನ್ನು ಇಲ್ಲಿ ಹುಡುಕಿಕೊಂಡರು ಎನ್ನಬೇಕು.

ಯಾರಿಗೆ ಮತ?

ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಿಂದ, ಪ್ರತಿನಿಧಿಗಳನ್ನು ಚುನಾವಣೆಯಿಂದ ಆರಿಸುವ ಪದ್ಧತಿ ಬಂತು. ಮತ ಎಲ್ಲರಿಗಲ್ಲ, ಗೊತ್ತುಮಾಡಿದಷ್ಟು ಭೂಕಂದಾಯ ಕಟ್ಟುವವರಿಗೆ, ಮನೆ-ಅಂಗಡಿ-ಮಗ್ಗಗಳ ಮೇಲಿನ ಮೊಹತರ್ಫಾ ತೆರಿಗೆ ಕಟ್ಟುವವರಿಗೆ, ಪದವೀಧರರಿಗೆ. ಇದರ ಅಜ್ಜ ಇಂಗ್ಲೆಂಡಿನ 1430ರ ಕಾನೂನು: ವರ್ಷಕ್ಕೆ ನಲವತ್ತು ಷಿಲಿಂಗ್ ಹುಟ್ಟುವ ಸ್ವಂತ ಜಮೀನಿದ್ದವನಿಗೆ ಮಾತ್ರ ಮತ. ಅದರ ಮೊಮ್ಮಕ್ಕಳು ವರ್ಜೀನಿಯಾದಲ್ಲೂ ಹುಟ್ಟಿದ್ದರು. 1670ರಲ್ಲಿ ಅಲ್ಲಿ ಜಮೀನು-ಮನೆ ಇಲ್ಲದವರ ಮತ ಕಿತ್ತುಹಾಕಿದರು. ಆಸ್ತಿಯಿದ್ದವನಿಗೇ ಊರಿನ ಮೇಲೆ ಕಾಳಜಿ ಎಂಬ ವಾದ ಮೂರೂ ಕಡೆ ಒಂದೇ. ಆನೆಕೊಂಡದ ಕಂಬಳಿ ನೇಕಾರನ ಕೂಲಿಯಾಳಿಗೂ, ಅವನ ಹೆಂಡತಿಗೂ ಆ ಕಾಳಜಿ ಇರಲಾರದೇ ಎಂದು ಯಾರೂ ಕೇಳಲಿಲ್ಲ.

ಆಮೇಲಿನ ಸುಧಾರಣೆಗಳು ಮೆಟ್ಟಿಲು ಮೆಟ್ಟಿಲಾಗಿ ಬಂದವು. 1907ರಲ್ಲಿ ನ್ಯಾಯವಿಧಾಯಕ ಸಭೆ ಸೇರಿಕೊಂಡಿತು. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1917ರಿಂದ, ಪ್ರಜಾಪ್ರತಿನಿಧಿ ಸಭೆ ವರ್ಷಕ್ಕೆರಡು ಸಲ ಕೂಡತೊಡಗಿತು. 1923ರ ಕಾನೂನು ಅದಕ್ಕೆ ಶಾಸನದ ಬುನಾದಿ ಕೊಟ್ಟಿತು: 250 ಸದಸ್ಯರು, ಹೊಸ ತೆರಿಗೆ ಹಾಕುವ ಮುನ್ನ ಸಭೆಯನ್ನು ಕೇಳಬೇಕೆಂಬ ನಿಯಮ. ಹೆಂಗಸರು ಎಂಬ ಕಾರಣಕ್ಕೆ ಮತ ನಿರಾಕರಿಸುವ ಕಟ್ಟಳೆಯೂ ಆಗಲೇ ಹೋಯಿತು. ಅಮೆರಿಕದಲ್ಲಿ ಅದು ಹೋಗಿ ಮೂರೇ ವರ್ಷವಾಗಿತ್ತು. ವೆಚ್ಚದ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ನ್ಯಾಯವಿಧಾಯಕ ಸಭೆಗೆ ಸಿಕ್ಕಿತು. ಆದರೆ ಅದರ 50 ಸದಸ್ಯರಲ್ಲಿ ಚುನಾಯಿತರು 22. ದಿವಾನರನ್ನು ಇಳಿಸುವ ಅಧಿಕಾರ ಎರಡೂ ಸಭೆಗಳಿಗಿಲ್ಲ. ಕೀಲಿ ಕೈಗೆ ಬಂತು. ಬೀಗ ಬೇರೆಯವರ ಹತ್ತಿರ ಉಳಿಯಿತು.

ಹೋಟೆಲಿನಲ್ಲಿ ಕೂತ ಸಭೆ

ಕೀಲಿ ನಿಜಕ್ಕೂ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವಸಾಹತುಗಳೇ ಉದಾಹರಣೆ. ದೊರೆ ಕಳಿಸಿದ ಗವರ್ನರನ ಸಂಬಳವನ್ನು ಮಂಜೂರು ಮಾಡುವುದು ಎಷ್ಟೋ ಕಡೆ ಅಲ್ಲಿನ ಜನಪ್ರತಿನಿಧಿ ಸಭೆ. ಗವರ್ನರ್ ಮೊಂಡು ಹಿಡಿದರೆ ಸಂಬಳ ತಡವಾಗುತ್ತದೆ. ಲಂಡನ್ನಿಗೆ ಇದನ್ನು ಸಹಿಸಲಾಗಲಿಲ್ಲ. 1767ರ ಟೌನ್‌ಷೆಂಡ್ ಕಾಯ್ದೆಗಳ ಒಂದು ಉದ್ದೇಶವೇ ಗವರ್ನರ್ ಮತ್ತು ನ್ಯಾಯಾಧೀಶರ ಸಂಬಳವನ್ನು ಸುಂಕದ ಹಣದಿಂದ ಕೊಟ್ಟು ಸಭೆಗಳ ಹಂಗಿನಿಂದ ಅವರನ್ನು ಬಿಡಿಸುವುದಾಗಿತ್ತು. 1774ರಲ್ಲಿ ಮ್ಯಾಸಚೂಸೆಟ್ಸ್‌ನ ಊರಸಭೆಗಳಿಗೂ ಲಗಾಮು ಬಿತ್ತು: ವರ್ಷದ ಚುನಾವಣಾ ಸಭೆ ಬಿಟ್ಟರೆ ಉಳಿದದ್ದಕ್ಕೆ ಗವರ್ನರನ ಅಪ್ಪಣೆ ಬೇಕು. ಅದೇ ವರ್ಷದ ಮೇ ತಿಂಗಳಲ್ಲಿ ವರ್ಜೀನಿಯಾದ ಗವರ್ನರ್ ಡನ್ಮೋರ್ ಅಲ್ಲಿನ ಸಭೆಯನ್ನು ವಿಸರ್ಜಿಸಿದ. ಸದಸ್ಯರು ಮನೆಗೆ ಹೋಗಲಿಲ್ಲ. ನಮ್ಮವರು ಹಳೇ ಪೇಟೆಯ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯಲ್ಲಿ ಸೇರಿದಂತೆ, ಅದೇ ಬೀದಿಯ ರಾಲಿ ಟಾವರ್ನ್ ಎಂಬ ಹೋಟೆಲಿಗೆ ನಡೆದುಹೋಗಿ ಅಲ್ಲೇ ಕೂತರು. ಎಲ್ಲ ವಸಾಹತುಗಳ ಸಭೆ ಸೇರಲಿ ಎಂಬ ಕರೆ ಅಲ್ಲಿಂದ ಹೊರಟಿತು. ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್ ಸೇರಿತು; ಎರಡು ವರ್ಷಕ್ಕೆ ಸ್ವಾತಂತ್ರ್ಯ ಘೋಷಣೆ.

ನೂರೈವತ್ತು ವರ್ಷ ತೆರಿಗೆ ಹಾಕಿ, ಲೆಕ್ಕ ಕೇಳಿ, ಜಗಳವಾಡಿ ಪಳಗಿದ್ದ ಸಭೆಗಳು ಅವು. ಆದ್ದರಿಂದಲೇ 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಕೂತ 55 ಜನ ಹೊಸದಾಗಿ ಬರೆದದ್ದಕ್ಕಿಂತ ಹಳೆಯದನ್ನು ಜೋಡಿಸಿದ್ದೇ ಹೆಚ್ಚು. ತೆರಿಗೆಯ ಮಸೂದೆ ಮೊದಲು ಜನ ಆರಿಸಿದ ಕೆಳಮನೆಯಲ್ಲೇ ಹುಟ್ಟಬೇಕೆಂಬುದು ಲಂಡನ್ನಿನ ಪದ್ಧತಿ. ವರ್ಷಕ್ಕೊಮ್ಮೆಯಾದರೂ ಕಾಂಗ್ರೆಸ್ ಸೇರಲೇಬೇಕೆಂಬ ನಿಯಮದ ಹಿಂದೆ ಚಾರ್ಲ್ಸನ ಹನ್ನೊಂದು ವರ್ಷದ ನೆನಪಿದೆ.

ಮೈಸೂರಿನಲ್ಲಿ ಕೊನೆಯ ಮೆಟ್ಟಿಲನ್ನು ಸಭೆಗಳು ಹತ್ತಲಿಲ್ಲ, ಬೀದಿ ಹತ್ತಿತು. 1942ರಲ್ಲಿ ದಾವಣಗೆರೆಯಲ್ಲೂ ಗುಂಡು ಹಾರಿ ಚಳವಳಿಗಾರರು ಪ್ರಾಣ ಕಳೆದುಕೊಂಡರು. 1947ರ ‘ಮೈಸೂರು ಚಲೋ’ ಬಳಿಕ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಅವರ ಜವಾಬ್ದಾರಿ ಸರ್ಕಾರ ಬಂತು. 1949ರಲ್ಲಿ ಪ್ರಜಾಪ್ರತಿನಿಧಿ ಸಭೆ ತನ್ನ ಅರವತ್ತೆಂಟು ವರ್ಷದ ಬಾಳು ಮುಗಿಸಿತು.

ಮಂಗಳೂರಿನವರೊಬ್ಬರ ವಾಷಿಂಗ್ಟನ್ ಭೇಟಿ

ಅಷ್ಟರಲ್ಲಿ ದೆಹಲಿಯಲ್ಲಿ ಸಂವಿಧಾನದ ಕರಡು ನಡೆಯುತ್ತಿತ್ತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಮಂಗಳೂರಿನಲ್ಲಿ ಹುಟ್ಟಿದವರು. 1947ರ ಕೊನೆಯಲ್ಲಿ ಅವರು ಅಮೆರಿಕಕ್ಕೆ ಹೋಗಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ನ್ಯಾಯವಾದ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದೆಂಬ ಮ್ಯಾಗ್ನಾ ಕಾರ್ಟಾ ಮೂಲದ ತತ್ತ್ವ ಅಮೆರಿಕದ ಸಂವಿಧಾನಕ್ಕೆ 1791ರ ತಿದ್ದುಪಡಿಯಲ್ಲಿ ಸೇರಿತ್ತು. ಅದು ನ್ಯಾಯಾಧೀಶರ ಕೈಯಲ್ಲಿ ಶಾಸನಸಭೆಗಳ ಕಾನೂನನ್ನು ಹೊಡೆದುಹಾಕುವ ಆಯುಧವಾಗಿದೆ, ನಿಮಗೆ ಬೇಡ ಎಂದರು ಫ್ರಾಂಕ್‌ಫರ್ಟರ್. ನಮ್ಮ 21ನೇ ವಿಧಿಯಲ್ಲಿ ‘ಕಾನೂನು ಗೊತ್ತುಪಡಿಸಿದ ಕ್ರಮ’ ಎಂಬ ಇಕ್ಕಟ್ಟಿನ ಮಾತು ಉಳಿಯಿತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಕ್ರಮ ನ್ಯಾಯಸಮ್ಮತವೂ ಆಗಿರಬೇಕು ಎಂದಿತು. ಮುಂಬಾಗಿಲಲ್ಲಿ ನಿಲ್ಲಿಸಿದ ಅತಿಥಿ ಹಿತ್ತಿಲಿನಿಂದ ಒಳಗೆ ಬಂದಂತಾಯಿತು.

ಮೈಸೂರಿನಿಂದ ಸಂವಿಧಾನ ಸಭೆಗೆ ಹೋಗಿದ್ದ ಕೆಂಗಲ್ ಹನುಮಂತಯ್ಯನವರಿಗೆ ಒಟ್ಟು ಕರಡೇ ರುಚಿಸಿರಲಿಲ್ಲ. ವೀಣೆಯ ನಾದ ಬಯಸಿದ ನಮಗೆ ಇಂಗ್ಲಿಷ್ ಬ್ಯಾಂಡಿನ ಸದ್ದು ಸಿಕ್ಕಿತು ಎಂಬ ಅರ್ಥದಲ್ಲಿ 1949ರ ನವೆಂಬರಿನಲ್ಲಿ ಅವರು ಮಾತಾಡಿದರು. ಅವರ ಬೇಸರ ಅರ್ಥವಾಗುವಂಥದ್ದೇ. ಆದರೆ ಬ್ಯಾಂಡೋ ವೀಣೆಯೋ ಎಂಬುದಕ್ಕಿಂತ, ವಾದ್ಯಗಾರರ ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆ ದೊಡ್ಡದು. ಶಾಸನಸಭೆಯ ಒಪ್ಪಿಗೆಯಿಲ್ಲದೆ ಬೊಕ್ಕಸದಿಂದ ಪೈಸೆ ಹೊರಹೋಗದು, ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಕೂಡದು ಎಂದು ನಮ್ಮ ಸಂವಿಧಾನವೂ ಕಟ್ಟಿಹಾಕಿತು. ಪಾರ್ಲಿಮೆಂಟಿಗೂ ವಿಧಾನಸಭೆಗೂ ಕೀಲಿ ಸಿಕ್ಕಿತು. ಊರಿಗೆ ಮಾತ್ರ ಸಿಗಲಿಲ್ಲ.

ಇವತ್ತಿನ ಪಾಲಿಕೆ

1992ರ 74ನೇ ತಿದ್ದುಪಡಿ ನಗರಸಭೆಗಳಿಗೂ ಸಂವಿಧಾನದಲ್ಲಿ ಜಾಗ ಕೊಟ್ಟಿತು. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗತಕ್ಕದ್ದು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. 1997ರಲ್ಲಿ ಜಿಲ್ಲಾಕೇಂದ್ರವಾದ ದಾವಣಗೆರೆ 2007ರಲ್ಲಿ ಮಹಾನಗರ ಪಾಲಿಕೆಯಾಯಿತು. ಆದರೆ ಬರೆದಂತೆ ನಡೆಯುತ್ತಿದೆಯೇ? ಬೆಂಗಳೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯದೇ ದರ್ಬಾರು. ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದಾಗಲೂ ಅದೇ ಕಥೆ. ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟಿನ ಕೇಸು: ಕಾರಣಗಳು ಯಾವಾಗಲೂ ಸಿದ್ಧ.

ಕಾರಣಗಳ ಕೆಳಗಿನ ಕಾರಣ ಒಂದೇ. ಪಾಲಿಕೆಯ ಸಭೆ ಇಲ್ಲದಿದ್ದರೂ ದುಡ್ಡು ನಿಲ್ಲುವುದಿಲ್ಲ. ಆಸ್ತಿ ತೆರಿಗೆಯ ಚೌಕಟ್ಟು ರಾಜ್ಯದ ಕಾಯ್ದೆಯಲ್ಲಿದೆ, ಅನುದಾನ ಬೆಂಗಳೂರಿನಿಂದ ಬರುತ್ತದೆ, ಕಮಿಷನರನ್ನು ಕಳಿಸುವುದೂ ವರ್ಗ ಮಾಡುವುದೂ ರಾಜ್ಯ ಸರ್ಕಾರ. ಚಾರ್ಲ್ಸನಿಗೆ ಸಭೆಯಿಲ್ಲದೆ ಹಣ ಹುಟ್ಟಲಿಲ್ಲ, ಕರೆದ. ಡನ್ಮೋರ್ ವಿಸರ್ಜಿಸಿದ ಸಭೆಗೆ ತೆರಿಗೆಯ ಹಕ್ಕಿತ್ತು, ಆದ್ದರಿಂದ ಹೋಟೆಲಿನಲ್ಲಿ ಕೂತರೂ ಅದು ಸಭೆಯೇ ಆಗಿತ್ತು. ನಮ್ಮ ಕಾರ್ಪೊರೇಟರು ಬೀದಿದೀಪ, ಚರಂಡಿ, ಕುಡಿಯುವ ನೀರಿನ ಅಹವಾಲು ಹೊತ್ತು ಅಧಿಕಾರಿಗಳ ಮೇಜಿನ ಮುಂದೆ ನಿಲ್ಲುತ್ತಾರೆ. ದಸರೆಗೆ ಮೈಸೂರಿಗೆ ಗಾಡಿ ಕಟ್ಟಿಕೊಂಡು ಹೋದವರು ಮಾಡಿದ್ದೂ ಇದೇ ಕೆಲಸ.

ಮುಂದಿನ ಪಾಲಿಕೆ ಚುನಾವಣೆಯಲ್ಲಿ ಆನೆಕೊಂಡಕ್ಕೆ ಮತ ಕೇಳಲು ಬಂದವರನ್ನು ಚರಂಡಿ ಯಾವಾಗ ಎನ್ನುವ ಮೊದಲು ಇನ್ನೊಂದು ಕೇಳಬಹುದು: ನಮ್ಮ ಮನೆಗಂದಾಯದಲ್ಲಿ ಎಷ್ಟು ಪಾಲಿನ ಖರ್ಚನ್ನು ನೀವು ತೀರ್ಮಾನಿಸುತ್ತೀರಿ, ಎಷ್ಟನ್ನು ನಿಮಗೆ ತಿಳಿಸಲಾಗುತ್ತದೆ? ಉತ್ತರ ತಡವರಿಸಿದರೆ ತಪ್ಪು ಅಭ್ಯರ್ಥಿಯದಲ್ಲ, ಅಧಿಕಾರವನ್ನು ಕೊಡದೆ ಹಿಡಿದಿಟ್ಟುಕೊಂಡ ವಿಧಾನಸೌಧದ್ದು. ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋದರೂ ಒಂದು ಬಿಲ್ಲೂ ತಡೆಯದೆ ಪಾಸಾಗುತ್ತಿದ್ದರೆ, ಆ ಸಭೆ ಇನ್ನೂ 1881ರಲ್ಲೇ ಇದೆ.